ನಂಬಿಕೆಯ ಬೆಲೆ ತೆರುವವರು ಯಾರು?

ಮಗಳಿಗೋ ಮೊಮ್ಮಗನಿಗೋ ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತೆಂದರೆ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಅಪ್ಪ ರ್‍ಯಾಂಕಿಂಗ್ ಎಷ್ಟೆಂದು ಕೇಳುತ್ತಾರೆ. ಅಜ್ಜಿ, ‘ಅದು ಪಾದ್ರಿಗಳು ನಡೆಸೋ ಕಾಲೇಜಂತಲ್ಲ, ಅಲ್ಲಿನ ವಾತಾವರಣ ಹೇಗೋ ಏನೋ’ ಎನ್ನುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಸಿಗುವ ಉತ್ತರಗಳು ತೀರಾ ತೆಳು. ರ್‍ಯಾಂಕಿಂಗ್‌ಗೆ ಒಂದು ಅಂಕಿ, ವಾತಾವರಣಕ್ಕೆ ‘ಶಿಸ್ತು ಚೆನ್ನಾಗಿದೆಯಂತೆ’ ಎಂಬ ಒಂದು ಮಾತು. ನಾಲ್ಕು ವರ್ಷದ ಬದುಕನ್ನೂ ಒಂದು ಕುಟುಂಬದ ಉಳಿತಾಯವನ್ನೂ ಇಷ್ಟರ ಮೇಲೆ ಒಪ್ಪಿಸಿಬಿಡುತ್ತೇವೆ.

ಧರ್ಮದ ಹೆಸರಿನಲ್ಲಿ ನಡೆಯುವ ವಿಶ್ವವಿದ್ಯಾಲಯವನ್ನು ತೂಗಲು ಇದಕ್ಕಿಂತ ಗಟ್ಟಿಯಾದ ಅಳತೆ ಬೇಕು. ಅದನ್ನು ಒಂದು ನಿಜವಾದ ಉದಾಹರಣೆಯ ಮೇಲೆ ಪರೀಕ್ಷಿಸಿ ನೋಡಬಹುದು. ವಾಷಿಂಗ್ಟನ್ ನಗರದಲ್ಲಿ, ಪೊಟೊಮ್ಯಾಕ್ ನದಿಯ ಮೇಲಿನ ಗುಡ್ಡದಲ್ಲಿರುವ ಜಾರ್ಜ್‌ಟೌನ್ ಅಮೆರಿಕದ ಅತ್ಯಂತ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ಆ ದೇಶದ ಮೊದಲ ಕ್ಯಾಥೊಲಿಕ್ ಬಿಷಪ್ ಜಾನ್ ಕ್ಯಾರಲ್ 1789ರಲ್ಲಿ ಇದನ್ನು ಸ್ಥಾಪಿಸಿದರು. ಇಲ್ಲಿನ ವಿದೇಶಾಂಗ ಸೇವಾ ಶಾಲೆ 1919ರಲ್ಲಿ ಶುರುವಾಯಿತು. ಬಿಲ್ ಕ್ಲಿಂಟನ್ 1968ರಲ್ಲಿ ಪದವಿ ಪಡೆದದ್ದು ಅಲ್ಲೇ. ಸುಪ್ರೀಂ ಕೋರ್ಟಿನ ಸಂಪ್ರದಾಯವಾದಿ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕೂಡ ಜಾರ್ಜ್‌ಟೌನಿನ ವಿದ್ಯಾರ್ಥಿಯೇ. ರಾಜತಂತ್ರ, ಕಾನೂನು, ರಾಜಕಾರಣದ ಬಾಗಿಲುಗಳು ಇಲ್ಲಿಂದ ತೆರೆಯುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಕೀರ್ತಿ ಎಂದು ಲೋಕ ಕರೆಯುವುದು ಇದನ್ನೇ.

ಆದರೆ ಈ ಬಗೆಯ ಕೀರ್ತಿ ಹೇಳುವುದು ಒಂದೇ ಸಂಗತಿಯನ್ನು: ಒಳಗೆ ಹೋದವನಿಗೆ ಏನು ಲಾಭ ಎಂಬುದನ್ನು. ಕೀರ್ತಿ ಬರೀ ಲಾಭದ ಮಾತಾದಾಗ ಅದು ಮಾರಾಟದ ಸರಕೂ ಆಗಿಬಿಡುತ್ತದೆ. 2019ರಲ್ಲಿ ಅಮೆರಿಕದ ಕಾಲೇಜು ಪ್ರವೇಶ ಲಂಚ ಹಗರಣ ಬಯಲಾದಾಗ ಹೊರಬಿದ್ದ ಹೆಸರುಗಳಲ್ಲಿ ಜಾರ್ಜ್‌ಟೌನಿನ ಟೆನಿಸ್ ತರಬೇತುದಾರನದೂ ಇತ್ತು. ಸಿರಿವಂತರ ಮಕ್ಕಳನ್ನು ಆಟಗಾರರೆಂದು ತೋರಿಸಿ ಸೀಟು ಕೊಡಿಸಲು ಲಂಚ ಪಡೆದದ್ದನ್ನು ಆತ ಒಪ್ಪಿಕೊಂಡ. 2022ರಲ್ಲಿ ಜೈಲು ಶಿಕ್ಷೆಯೂ ಆಯಿತು. ತಪ್ಪು ಮಾಡಿದವನು ಒಬ್ಬನಿರಬಹುದು. ಆದರೆ ಆ ಹೆಸರಿಗೆ ಲಕ್ಷಾಂತರ ಡಾಲರ್ ಸುರಿಯಲು ಸಿದ್ಧರಿದ್ದ ತಂದೆತಾಯಂದಿರಿದ್ದರಲ್ಲ, ಅವರು ಕೊಳ್ಳಲು ಬಂದದ್ದು ವಿದ್ಯೆಯನ್ನಲ್ಲ, ಕೀರ್ತಿಯನ್ನು. ಹೀಗಾಗಿ ರ್‍ಯಾಂಕಿಂಗ್ ಒಂದನ್ನೇ ಹಿಡಿದು ಹೋದರೆ ವಿಶ್ವವಿದ್ಯಾಲಯದ ಒಳಗು ನಮಗೆ ಕಾಣುವುದೇ ಇಲ್ಲ.

ಇನ್ನು ವಾತಾವರಣದ ಪ್ರಶ್ನೆ. ಇಲ್ಲಿ ಎರಡು ಪಕ್ಷಗಳು ಎದುರುಬದುರು ನಿಂತಿವೆ. ಒಂದು ಪಕ್ಷದವರ ಪ್ರಕಾರ ನಂಬಿಕೆಯೂ ಮುಕ್ತ ವಿಚಾರವೂ ಒಂದೇ ಸೂರಿನಡಿ ಬಾಳಲಾರವು. ಚರ್ಚಿನ ನೆರಳು ಬಿದ್ದಲ್ಲಿ ಪ್ರಶ್ನೆ ಬಾಡುತ್ತದೆ. ಇನ್ನೊಂದು ಪಕ್ಷದ ದೂರು ಇದಕ್ಕೆ ತದ್ವಿರುದ್ಧ: ಇಂಥ ಸಂಸ್ಥೆಗಳಲ್ಲಿ ಕ್ಯಾಥೊಲಿಕ್ ಎಂಬುದು ಬರೀ ನಾಮಫಲಕವಾಗಿ ಉಳಿದಿದೆ, ಒಳಗೆ ನಂಬಿಕೆ ಸವೆದುಹೋಗಿದೆ.

ಈ ಜಗಳ ಹೊಸದೇನಲ್ಲ. 1967ರಲ್ಲಿ ನೊಟ್ರೆ ಡೇಮ್ ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಥಿಯೊಡೋರ್ ಹೆಸ್ಬರ್ಗ್ ಅವರ ಮುಂದಾಳತ್ವದಲ್ಲಿ ಅಮೆರಿಕದ ಕ್ಯಾಥೊಲಿಕ್ ಶಿಕ್ಷಣದ ಮುಖಂಡರು ಲ್ಯಾಂಡ್ ಓ’ಲೇಕ್ಸ್ ಎಂಬಲ್ಲಿ ಸೇರಿ, ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೂ ಹೊರಗಿನ ಯಾವ ಅಧಿಕಾರದಿಂದಲೂ ನಿಜವಾದ ಸ್ವಾಯತ್ತತೆ ಬೇಕು ಎಂದು ಸಾರಿದರು. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ‘ಎಕ್ಸ್ ಕೊರ್ದೆ ಎಕ್ಲೇಸಿಯೆ’ ಎಂಬ ಶಾಸನದ ಮೂಲಕ, ವಿಶ್ವವಿದ್ಯಾಲಯ ಹುಟ್ಟಿದ್ದೇ ಚರ್ಚಿನ ಹೃದಯದಿಂದ, ಆ ನಂಟು ಬಿಗಿಯಾಗಿಯೇ ಇರಬೇಕು ಎಂದರು. ಜಾರ್ಜ್‌ಟೌನ್ ಈ ಎರಡು ಎಳೆತಗಳ ನಡುವೆ ಸಿಕ್ಕಿಕೊಂಡೇ ಬೆಳೆದಿದೆ. 2009ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅಲ್ಲಿನ ಗ್ಯಾಸ್ಟನ್ ಹಾಲ್‌ನಲ್ಲಿ ಭಾಷಣ ಮಾಡಿದಾಗ, ಶ್ವೇತಭವನದವರ ಕೋರಿಕೆಯಂತೆ ವೇದಿಕೆಯ ಹಿಂದಿದ್ದ ಯೇಸುನಾಮದ ಐಎಚ್‌ಎಸ್ ಚಿಹ್ನೆಗೆ ಕಪ್ಪು ಬಣ್ಣದ ಮರದ ಹಲಗೆಯೊಂದನ್ನು ಅಡ್ಡವಿಡಲಾಯಿತು. ಭಕ್ತರಿಗೆ ಇದು ನೋವು ತಂದಿತು. ‘ದಿ ಎಕ್ಸಾರ್ಸಿಸ್ಟ್’ ಕಾದಂಬರಿಯ ಕರ್ತೃ, ಹಳೆ ವಿದ್ಯಾರ್ಥಿ ವಿಲಿಯಂ ಪೀಟರ್ ಬ್ಲ್ಯಾಟಿ 2013ರಲ್ಲಿ, ಜಾರ್ಜ್‌ಟೌನ್ ಕ್ಯಾಥೊಲಿಕ್ ಎನಿಸಿಕೊಳ್ಳುವ ಅರ್ಹತೆ ಕಳೆದುಕೊಂಡಿದೆ ಎಂದು ಚರ್ಚಿನ ಅಧಿಕಾರಿಗಳಿಗೆ ವಿಧ್ಯುಕ್ತ ದೂರನ್ನೇ ಸಲ್ಲಿಸಿದರು.

ಇವೆರಡೂ ಪಕ್ಷಗಳು ಬೇರೆ ಬೇರೆ ತೀರ್ಪು ಕೊಟ್ಟರೂ ಬಳಸುವ ಅಳತೆ ಒಂದೇ: ಇಲ್ಲಿ ಧರ್ಮ ಎಷ್ಟಿದೆ? ಒಬ್ಬರಿಗೆ ಅದು ಹೆಚ್ಚಾಯಿತು, ಇನ್ನೊಬ್ಬರಿಗೆ ಕಡಿಮೆಯಾಯಿತು. ನನ್ನ ವಾದ, ಈ ಅಳತೆಯಿಂದ ಏನೂ ತಿಳಿಯುವುದಿಲ್ಲ ಎಂಬುದು. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಸಂಸ್ಥೆ ತನ್ನ ನಂಬಿಕೆಯ ಹೆಸರಿನಲ್ಲಿ ಒಂದು ನಿಲುವು ತಾಳಿದಾಗ ಅದರ ಬೆಲೆಯನ್ನು ತೆರುವವರು ಯಾರು? ಸಂಸ್ಥೆಯೇ ತೆತ್ತರೆ ಅಲ್ಲಿ ಧರ್ಮ ಹೊಣೆಯಾಗಿ ಬದುಕಿದೆ. ಬಲವಿಲ್ಲದವರ ತಲೆಗೆ ಕಟ್ಟಿದರೆ ಧರ್ಮ ಅಲ್ಲಿ ರಿಯಾಯಿತಿಯ ಚೀಟಿ ಮಾತ್ರ. ಜಾರ್ಜ್‌ಟೌನಿನ ಇತಿಹಾಸದಲ್ಲಿ ಎರಡಕ್ಕೂ ಸಾಕ್ಷಿಗಳಿವೆ. ಅದಕ್ಕಾಗಿಯೇ ಅದು ಒಳ್ಳೆಯ ಉದಾಹರಣೆ.

ಮೊದಲು ಕರಾಳವಾದದ್ದನ್ನು ನೋಡೋಣ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಜಾರ್ಜ್‌ಟೌನ್ ಕಾಲೇಜನ್ನು ನಡೆಸುತ್ತಿದ್ದ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಮೇರಿಲ್ಯಾಂಡಿನ ಪಾದ್ರಿಗಳಿಗೆ ದೊಡ್ಡ ದೊಡ್ಡ ಹೊಗೆಸೊಪ್ಪಿನ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಅವರಿಗೆ ದೀಕ್ಷಾಸ್ನಾನ ಕೊಟ್ಟವರೂ, ಅವರ ಮದುವೆ ಮಾಡಿಸಿದವರೂ, ಅವರ ಒಡೆಯರೂ ಪಾದ್ರಿಗಳೇ. ಕಾಲೇಜಿನ ಬೆನ್ನಿಗೆ ಈ ತೋಟಗಳ ಆದಾಯವಿತ್ತು. 1830ರ ದಶಕದಲ್ಲಿ ತೋಟಗಳ ಗಳಿಕೆ ಕುಸಿಯಿತು. ಕಾಲೇಜು ಕಟ್ಟಡಗಳ ಸಾಲದಲ್ಲಿ ಮುಳುಗಿತು. ಆ ಕಟ್ಟಡಗಳನ್ನು ಎಬ್ಬಿಸಿದ ಹಿಂದಿನ ಅಧ್ಯಕ್ಷ ಫಾದರ್ ಥಾಮಸ್ ಮಲೆಡಿ ಅಷ್ಟರಲ್ಲಿ ಮೇರಿಲ್ಯಾಂಡ್ ಪ್ರಾಂತ್ಯದ ಜೆಸ್ಯೂಟ್ ಮುಖ್ಯಸ್ಥರಾಗಿದ್ದರು. 1838ರಲ್ಲಿ ಅವರು 272 ಮಂದಿ ಗುಲಾಮರನ್ನು 1,15,000 ಡಾಲರ್‌ಗೆ ಲೂಸಿಯಾನದ ತೋಟದೊಡೆಯರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಂಡವರಲ್ಲಿ ಒಬ್ಬ ಆ ರಾಜ್ಯದ ಮಾಜಿ ಗವರ್ನರ್ ಹೆನ್ರಿ ಜಾನ್ಸನ್. ಮುಂಗಡವಾಗಿ ಬಂದ ಹಣದಲ್ಲಿ ಸುಮಾರು 17,000 ಡಾಲರ್ ಕಾಲೇಜಿನ ಸಾಲ ತೀರಿಸಲು ಹೋಯಿತು.

ಈ ಮಾರಾಟಕ್ಕೆ ರೋಮ್‌ನಲ್ಲಿದ್ದ ಜೆಸ್ಯೂಟ್ ಮಹಾಧಿಪತಿಗಳ ಅನುಮತಿ ಬೇಕಿತ್ತು. ಅವರು ಷರತ್ತು ಹಾಕಿದ್ದರು: ಕುಟುಂಬಗಳನ್ನು ಒಡೆಯಬಾರದು, ಮಾರಾಟವಾದವರಿಗೆ ತಮ್ಮ ಧರ್ಮಾಚರಣೆಗೆ ಅವಕಾಶವಿರಬೇಕು, ಹಣವನ್ನು ಸಾಲ ತೀರಿಸಲು ಬಳಸಬಾರದು. ಮೂರೂ ಮುರಿದವು. ಗಂಡ ಒಂದೆಡೆ ಹೆಂಡತಿ ಒಂದೆಡೆ ಆದರು. ಮಕ್ಕಳು ಮುದುಕರೆನ್ನದೆ ಹಡಗು ಹತ್ತಿಸಿ ದಕ್ಷಿಣಕ್ಕೆ ಕಳಿಸಲಾಯಿತು. ಮಾರಾಟ ಪತ್ರದ ಪಟ್ಟಿಯಲ್ಲಿ ಮೊದಲ ಹೆಸರು ಐಸಾಕ್ ಹಾಕಿನ್ಸ್. ಹೆಸರಿನ ಮುಂದೆ ವಯಸ್ಸು 65 ಎಂದು ಬರೆದಿದೆ. ಆ ಪಟ್ಟಿಯನ್ನು ಓದುವವರಿಗೆ ತಿಳಿಯುವ ಸತ್ಯ ಸರಳವಾದದ್ದು: ಕಾಲೇಜೊಂದು ಉಳಿಯಲೆಂದು, ಆ ಕಾಲೇಜಿನ ಮೆಟ್ಟಿಲನ್ನೂ ತುಳಿಯಲಾಗದ ಜನ ತಮ್ಮ ಮೈಯನ್ನೇ ಬೆಲೆಯಾಗಿ ತೆತ್ತರು. ಷರತ್ತು ಮುರಿದದ್ದಕ್ಕೆ ಮಲೆಡಿ ಹುದ್ದೆ ಬಿಡಬೇಕಾಯಿತು. ಆದರೂ 1845ರಲ್ಲಿ ಅವರೇ ಮತ್ತೆ ಜಾರ್ಜ್‌ಟೌನಿನ ಅಧ್ಯಕ್ಷರಾದರು. ಕ್ಯಾಂಪಸ್ಸಿನ ಕಟ್ಟಡವೊಂದು ಅವರ ಹೆಸರನ್ನು ಹೊತ್ತು 2015ರವರೆಗೂ ನಿಂತಿತ್ತು.

ಇದೇ ಸಂಸ್ಥೆಯನ್ನು 1870ರ ದಶಕದಲ್ಲಿ ಕಾಲೇಜಿನ ಮಟ್ಟದಿಂದ ವಿಶ್ವವಿದ್ಯಾಲಯದ ಮಟ್ಟಕ್ಕೆ ಎತ್ತಿದವರು ಫಾದರ್ ಪ್ಯಾಟ್ರಿಕ್ ಹೀಲಿ. ಹೀಲಿ ಹುಟ್ಟಿದ್ದು 1834ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ತಂದೆ ಐರಿಷ್ ತೋಟದೊಡೆಯ, ತಾಯಿ ಗುಲಾಮಳು. ಆದ್ದರಿಂದ ಅಂದಿನ ಕಾನೂನಿನ ಪ್ರಕಾರ ಮಗನೂ ಗುಲಾಮನೇ. ಉತ್ತರದ ಶಾಲೆಗಳಲ್ಲಿ ಓದಿ, ಬೆಲ್ಜಿಯಮ್ಮಿನ ಲ್ಯೂವೆನ್‌ನಲ್ಲಿ ಡಾಕ್ಟರೇಟ್ ಪಡೆದು ಬಂದ ಅವರನ್ನು ಲೋಕ ಐರಿಷ್ ಕ್ಯಾಥೊಲಿಕನೆಂದೇ ತಿಳಿದಿತ್ತು. ಇಂದು ಜಾರ್ಜ್‌ಟೌನ್ ಎಂದೊಡನೆ ಕಣ್ಣೆದುರು ನಿಲ್ಲುವ, ಗಡಿಯಾರ ಗೋಪುರದ ಆ ಬೂದುಗಲ್ಲಿನ ಕಟ್ಟಡ ಅವರ ಹೆಸರಿನದು. ಆದರೂ ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶ ಸಿಕ್ಕಿದ್ದು 1950ರ ಆಸುಪಾಸಿನಲ್ಲಿ. ಸಂಸ್ಥೆ ತನ್ನ ಕಟ್ಟಡದ ಮೇಲೆ ಯಾರ ಹೆಸರು ಕೆತ್ತಿಸಿದೆ ಎಂಬುದಕ್ಕೂ ಅದರ ಬಾಗಿಲು ಯಾರಿಗೆ ತೆರೆದಿದೆ ಎಂಬುದಕ್ಕೂ ಎಷ್ಟು ಅಂತರವಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈ ಇತಿಹಾಸವನ್ನು ಬಲ್ಲ ವಿದ್ವಾಂಸರು ಮೊದಲಿನಿಂದಲೂ ಇದ್ದರು. ಅದು ಸಂಸ್ಥೆಯ ಆತ್ಮಸಾಕ್ಷಿಯನ್ನು ತಟ್ಟಿದ್ದು ಮಾತ್ರ ತೀರಾ ಈಚೆಗೆ. 2015ರಲ್ಲಿ ಅಧ್ಯಕ್ಷ ಜಾನ್ ಡಿಜೋಯಾ ಗುಲಾಮಗಿರಿಯ ಚರಿತ್ರೆಯನ್ನು ಪರಿಶೀಲಿಸಲು ಒಂದು ಸಮಿತಿ ನೇಮಿಸಿದರು. ಅದೇ ನವೆಂಬರ್‌ನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಮುಂದೆ ಧರಣಿ ಕೂತರು. ಮಲೆಡಿಯ ಹೆಸರು ಬಿತ್ತು. ಹಳೆ ವಿದ್ಯಾರ್ಥಿಯೊಬ್ಬರು ಶುರುಮಾಡಿದ ಹುಡುಕಾಟದಿಂದ, ಮಾರಾಟವಾದವರ ಸಾವಿರಾರು ವಂಶಸ್ಥರು ಪತ್ತೆಯಾದರು. ಲೂಸಿಯಾನದ ಮ್ಯಾರಿಂಗ್ವಿನ್ ಎಂಬ ಪುಟ್ಟ ಊರಿನಲ್ಲೇ ಎಷ್ಟೋ ಕುಟುಂಬಗಳಿದ್ದವು. 2017ರ ಏಪ್ರಿಲ್‌ನಲ್ಲಿ ವಂಶಸ್ಥರ ಮುಂದೆ ನಡೆದ ಪ್ರಾರ್ಥನೆಯಲ್ಲಿ ಜೆಸ್ಯೂಟರ ಪರವಾಗಿ ಬಹಿರಂಗವಾಗಿ ಕ್ಷಮೆ ಕೇಳಲಾಯಿತು. ಮಲೆಡಿ ಹಾಲ್ ಐಸಾಕ್ ಹಾಕಿನ್ಸ್ ಹಾಲ್ ಆಯಿತು. ಇನ್ನೊಂದು ಕಟ್ಟಡಕ್ಕೆ, ಜಾರ್ಜ್‌ಟೌನ್ ಊರಿನಲ್ಲೇ ಕಪ್ಪು ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ ಆ್ಯನ್ ಮರಿ ಬೀಕ್ರಾಫ್ಟ್ ಅವರ ಹೆಸರಿಟ್ಟರು. ವಂಶಸ್ಥರಿಗೆ ಪ್ರವೇಶದಲ್ಲಿ, ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವಂಥದೇ ಆದ್ಯತೆ ಸಿಕ್ಕಿತು. ಅರವತ್ತು ದಾಟಿದ ವಂಶಸ್ಥ ಮಹಿಳೆಯೊಬ್ಬರು ಮೊದಲ ವರ್ಷದ ಪದವಿ ತರಗತಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂತು ಓದಿದರು.

ಇಲ್ಲಿಯವರೆಗಿನ ಕೆಲಸಕ್ಕೆ ಸಂಸ್ಥೆ ತೆತ್ತದ್ದು ಹೆಚ್ಚೆಂದರೆ ಮುಜುಗರ. ಹೆಸರು ಬದಲಿಸಲು ಖಜಾನೆ ಕರಗಬೇಕಿಲ್ಲ. ನಿಜವಾದ ಪರೀಕ್ಷೆ ಬಂದದ್ದು 2019ರಲ್ಲಿ. ಪ್ರತಿ ಸೆಮಿಸ್ಟರ್‌ಗೆ ತಲಾ 27 ಡಾಲರ್ 20 ಸೆಂಟ್ ಶುಲ್ಕ ಹಾಕಿ, ಆ ಹಣವನ್ನು ವಂಶಸ್ಥರ ಒಳಿತಿಗೆ ಬಳಸಬೇಕೆಂಬ ಪ್ರಸ್ತಾವವನ್ನು ವಿದ್ಯಾರ್ಥಿಗಳು ಮತಕ್ಕೆ ಹಾಕಿದರು. 272 ಮಂದಿಯ ನೆನಪಿಗಾಗಿಯೇ ಆ ಮೊತ್ತ. ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ತಮ್ಮ ಜೇಬಿಗೇ ಕತ್ತರಿ ಹಾಕಿಕೊಳ್ಳಲು ಒಪ್ಪಿದರು. ವಿಶ್ವವಿದ್ಯಾಲಯ ಆ ಶುಲ್ಕವನ್ನು ಜಾರಿಗೆ ತರಲಿಲ್ಲ. ಅದರ ಬದಲು ದೇಣಿಗೆಯ ಮೂಲಕ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್ ಕೂಡಿಸುವುದಾಗಿ ಹೇಳಿತು. ಕಡ್ಡಾಯವಾಗಿ ಹೊರಬಹುದಾಗಿದ್ದ ಋಣ ಇಷ್ಟಬಂದವರು ಕೊಡುವ ದಾನವಾಯಿತು. ಋಣಕ್ಕೂ ದಾನಕ್ಕೂ ಇರುವ ವ್ಯತ್ಯಾಸ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಋಣ ತೀರಿಸುವವನ ತಲೆ ತಗ್ಗಿರುತ್ತದೆ, ದಾನ ಕೊಡುವವನ ತಲೆ ಎತ್ತಿರುತ್ತದೆ. ಈ ವಿಷಯದಲ್ಲಿ ವಿದ್ಯಾರ್ಥಿಗಳು ಸಂಸ್ಥೆಗಿಂತ ಮುಂದೆ ಹೋದರು ಎಂದೇ ಹೇಳಬೇಕು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ದುಡಿಯುವವರ ಪ್ರಶ್ನೆಯನ್ನು ಇಟ್ಟು ನೋಡೋಣ. ಕಾರ್ಮಿಕರಿಗೆ ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು, ಇವು ಕ್ಯಾಥೊಲಿಕ್ ಬೋಧನೆಗೆ ಹೊರಗಿನವಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಹೊರಡಿಸಿದ ‘ರೇರುಂ ನೊವಾರುಂ’ ಸುತ್ತೋಲೆಯಿಂದಲೇ ಅವು ಚರ್ಚಿನ ಅಧಿಕೃತ ಮಾತು. ಮಾತು ಪುಸ್ತಕದಲ್ಲಿದೆ, ಕ್ಯಾಂಪಸ್ಸಿನ ಕಸ ಗುಡಿಸುವವರ ಸಂಬಳದಲ್ಲಿದೆಯೇ? 2005ರ ಮಾರ್ಚ್‌ನಲ್ಲಿ ಜಾರ್ಜ್‌ಟೌನಿನ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದೇ ಪ್ರಶ್ನೆ ಎತ್ತಿ, ಗುತ್ತಿಗೆ ಕಾರ್ಮಿಕರಿಗೆ ಬದುಕಲು ಸಾಲುವಷ್ಟು ಕೂಲಿ ಬೇಕೆಂದು ಒಂದು ವಾರಕ್ಕೂ ಮಿಕ್ಕಿ ಉಪವಾಸ ಕೂತರು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ವಿಶ್ವವಿದ್ಯಾಲಯ ಒಪ್ಪಿತು. ನ್ಯಾಯಯುತ ಉದ್ಯೋಗ ನೀತಿಯೊಂದು ಬಂತು. ಅದು ನೇರ ನೌಕರರ ಜೊತೆಗೆ ಗುತ್ತಿಗೆದಾರರ ಕೈಕೆಳಗಿನ ಕೆಲಸಗಾರರಿಗೂ ಅನ್ವಯಿಸುತ್ತದೆ. ಎಂಟು ವರ್ಷದ ಮೇಲೆ ಅರೆಕಾಲಿಕ ಅಧ್ಯಾಪಕರು ಸಂಘ ಕಟ್ಟಲು ಹೊರಟಾಗ ಆಡಳಿತ ಮಂಡಳಿ ಅಡ್ಡ ಬರದೆ ತಟಸ್ಥವಾಗಿ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಸಂಘವನ್ನು ಮೊದಲು ನಿರಾಕರಿಸಿದರೂ, 2018ರಲ್ಲಿ ಚುನಾವಣೆಗೆ ಒಪ್ಪಿ, 2020ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು.

ಇದರ ಮಹತ್ವ ತಿಳಿಯಲು ಪಿಟ್ಸ್‌ಬರ್ಗಿನ ಡ್ಯೂಕೇನ್ ವಿಶ್ವವಿದ್ಯಾಲಯವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದೂ ಕ್ಯಾಥೊಲಿಕ್ ಸಂಸ್ಥೆಯೇ. ಅಲ್ಲಿನ ಅರೆಕಾಲಿಕ ಅಧ್ಯಾಪಕರು 2012ರಲ್ಲಿ ಸಂಘಕ್ಕೆ ಮತ ಹಾಕಿದರು. ನಾವು ಧಾರ್ಮಿಕ ಸಂಸ್ಥೆ, ಸರ್ಕಾರದ ಕಾರ್ಮಿಕ ಮಂಡಳಿಗೆ ನಮ್ಮ ಮೇಲೆ ಅಧಿಕಾರವಿಲ್ಲ ಎಂದು ಆಡಳಿತ ಕೋರ್ಟಿಗೆ ಹೋಯಿತು, 2020ರಲ್ಲಿ ಗೆದ್ದಿತು. ಕಾನೂನಿನ ದೃಷ್ಟಿಯಲ್ಲಿ ಡ್ಯೂಕೇನ್ ಮಾಡಿದ್ದು ತಪ್ಪಲ್ಲ. ಸರ್ಕಾರ ಧಾರ್ಮಿಕ ಸಂಸ್ಥೆಯ ಒಳಗೆ ಕೈಹಾಕದಿರಲಿ ಎಂಬ ತತ್ವಕ್ಕೂ ಬೆಲೆಯಿದೆ. ಆದರೆ ಅದೇ ರಿಯಾಯಿತಿ ಜಾರ್ಜ್‌ಟೌನಿಗೂ ದಕ್ಕುತ್ತಿತ್ತು, ಅದು ಬಳಸಿಕೊಳ್ಳಲಿಲ್ಲ. ಒಂದೇ ಧರ್ಮ, ಒಂದೇ ದೇಶದ ಕಾನೂನು. ಒಂದು ಕಡೆ ಪೋಪರ ಮಾತು ಅಧ್ಯಾಪಕರ ಕೈ ಸೇರಿತು, ಇನ್ನೊಂದು ಕಡೆ ಅವರ ಬಾಯಿ ಮುಚ್ಚಿಸುವ ವಾದವಾಯಿತು. ‘ಅದು ಕ್ಯಾಥೊಲಿಕ್ ವಿಶ್ವವಿದ್ಯಾಲಯ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ ಎಂದದ್ದು ಇದಕ್ಕಾಗಿಯೇ.

ಜಾರ್ಜ್‌ಟೌನ್ ಎಲ್ಲೆಡೆಯೂ ಹೀಗೆ ನಡೆದುಕೊಂಡಿಲ್ಲ. ಅಲ್ಲಿನ ವಿದ್ಯಾರ್ಥಿ ವಿಮೆಯಲ್ಲಿ ಗರ್ಭನಿರೋಧಕಗಳಿಗೆ ಹಣ ಸಿಗುತ್ತಿರಲಿಲ್ಲ. 2012ರಲ್ಲಿ ಕಾನೂನು ವಿದ್ಯಾರ್ಥಿನಿ ಸಾಂಡ್ರಾ ಫ್ಲೂಕ್ ಸಂಸತ್ ಸದಸ್ಯರ ಮುಂದೆ ಇದರಿಂದ ಹೆಣ್ಣುಮಕ್ಕಳಿಗಾಗುವ ಕಷ್ಟವನ್ನು ಬಿಡಿಸಿ ಹೇಳಿದಾಗ, ರೇಡಿಯೊ ನಿರೂಪಕನೊಬ್ಬ ಆಕೆಯನ್ನು ಹೊಲಸು ಮಾತಿನಲ್ಲಿ ನಿಂದಿಸಿದ. ಅಧ್ಯಕ್ಷ ಡಿಜೋಯಾ ಆಕೆಯ ವಾದವನ್ನು ಒಪ್ಪದೆಯೂ, ಆಕೆ ಮಾತಾಡಿದ ರೀತಿಯ ಘನತೆಯನ್ನು ಎತ್ತಿಹಿಡಿದು ಇಡೀ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಇದರಲ್ಲಿ ಎರಡು ಸಂಗತಿಗಳಿವೆ, ಎರಡನ್ನೂ ನೋಡಬೇಕು. ತನ್ನನ್ನೇ ಟೀಕಿಸಿದ ವಿದ್ಯಾರ್ಥಿನಿಯ ಬೆನ್ನಿಗೆ ನಿಂತದ್ದು ಒಳ್ಳೆಯ ಸಂಸ್ಕೃತಿಯ ಲಕ್ಷಣ. ಆದರೆ ವಿಮೆಯ ವಿಷಯದಲ್ಲಿ ನಂಬಿಕೆ ಸಂಸ್ಥೆಯದು, ಖರ್ಚು ಹುಡುಗಿಯರದು. ಆ ಹುಡುಗಿಯರಲ್ಲಿ ಎಷ್ಟೋ ಮಂದಿ ಆ ನಂಬಿಕೆಗೆ ಸೇರಿದವರೇ ಅಲ್ಲ. ಗರ್ಭಪಾತದ ಹಕ್ಕಿನ ಪರ ಇರುವ ವಿದ್ಯಾರ್ಥಿ ಗುಂಪಿಗೂ ಅಲ್ಲಿ ಮಾನ್ಯತೆಯಿಲ್ಲ, ಅನುದಾನವಿಲ್ಲ. ಗೊತ್ತುಪಡಿಸಿದ ಜಾಗದಲ್ಲಿ ಮೇಜು ಹಾಕಿಕೊಂಡು ತಮ್ಮ ಮಾತು ಹೇಳಬಹುದು, ಅಷ್ಟೆ.

ಸಲಿಂಗಿ ವಿದ್ಯಾರ್ಥಿಗಳ ವಿಷಯದಲ್ಲಿ ಸಂಸ್ಥೆ ನಡೆದ ದಾರಿ ಇನ್ನೂ ಉದ್ದದ್ದು. ಅವರ ಸಂಘಗಳನ್ನು ಮಾನ್ಯ ಮಾಡದ್ದಕ್ಕೆ ಮೊಕದ್ದಮೆ ಹೂಡಲಾಯಿತು. 1987ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಸೂಕ್ಷ್ಮವಾದ ತೀರ್ಪು ಕೊಟ್ಟಿತು: ನಂಬಿಕೆಗೆ ವಿರುದ್ಧವಾಗಿ ಮಾನ್ಯತೆಯ ಮುದ್ರೆ ಒತ್ತೆಂದು ವಿಶ್ವವಿದ್ಯಾಲಯವನ್ನು ಬಲವಂತ ಮಾಡುವಂತಿಲ್ಲ, ಆದರೆ ಕೊಠಡಿ, ಹಣ, ಸೌಲಭ್ಯಗಳಲ್ಲಿ ತಾರತಮ್ಯ ಮಾಡುವಂತಿಲ್ಲ. ಸುಪ್ರೀಂ ಕೋರ್ಟಿಗೆ ಹೋಗದೆ ಜಾರ್ಜ್‌ಟೌನ್ ರಾಜಿಗೆ ಒಪ್ಪಿತು. 2008ರಲ್ಲಿ ಈ ವಿದ್ಯಾರ್ಥಿಗಳಿಗಾಗಿ ಒಂದು ಕೇಂದ್ರವನ್ನೇ ತೆರೆಯಿತು. ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಲ್ಲಿ ಅಂಥದ್ದು ಅದೇ ಮೊದಲು. ಆ ತೀರ್ಪಿನಲ್ಲಿ ಒಂದು ವಿವೇಕವಿದೆ. ಸಂಸ್ಥೆಗೆ ತನ್ನ ಮನಸ್ಸಾಕ್ಷಿಯಂತೆ ನಂಬುವ ಹಕ್ಕಿದೆ, ಆ ನಂಬಿಕೆಯ ಬಿಲ್ಲನ್ನು ಇನ್ನೊಬ್ಬರಿಗೆ ಕಳಿಸುವ ಹಕ್ಕಿಲ್ಲ.

ನಮ್ಮ ಮಕ್ಕಳಿಗೆ ನೇರವಾಗಿ ತಟ್ಟುವ ಸಂಗತಿ ಇನ್ನೊಂದಿದೆ. ಜಾರ್ಜ್‌ಟೌನ್ ಮೊದಲ ದಿನದಿಂದಲೂ ಎಲ್ಲ ಪಂಥದವರಿಗೂ ಬಾಗಿಲು ತೆರೆಯುವುದಾಗಿ ಹೇಳಿಕೊಂಡ ಸಂಸ್ಥೆ. ಅದು 1968ರಲ್ಲೇ ಯಹೂದಿ ರಬ್ಬಿಯನ್ನು, 1999ರಲ್ಲಿ ಪೂರ್ಣಾವಧಿ ಮುಸ್ಲಿಂ ಇಮಾಮರನ್ನು, 2016ರಲ್ಲಿ ಹಿಂದೂ ಪುರೋಹಿತರನ್ನು ನೇಮಿಸಿಕೊಂಡಿತು. ಕ್ಯಾಂಪಸ್ಸಿನಲ್ಲಿ ಮಸೀದಿಯಿದೆ, ಹಿಂದೂ, ಬೌದ್ಧ, ಜೈನ, ಸಿಖ್ ವಿದ್ಯಾರ್ಥಿಗಳ ಪೂಜೆ-ಧ್ಯಾನಕ್ಕೆ ‘ಧರ್ಮಾಲಯ’ ಎಂಬ ಜಾಗವಿದೆ. ಇವಕ್ಕೆಲ್ಲ ಖರ್ಚು ಮಾಡುತ್ತಿರುವುದು ಪಾದ್ರಿಗಳು ಕಟ್ಟಿದ ಸಂಸ್ಥೆ. ಇದನ್ನು ನಂಬಿಕೆ ಸವೆದುದರ ಗುರುತೆಂದು ಬ್ಲ್ಯಾಟಿಯಂಥವರು ಓದಬಹುದು. ನನಗೆ ಇದು ನಂಬಿಕೆ ಗಟ್ಟಿಯಾಗಿರುವುದರ ಗುರುತು. ವಿದ್ಯಾರ್ಥಿಯನ್ನು ಅವನ ಬುದ್ಧಿ, ಮನಸ್ಸು, ಶ್ರದ್ಧೆಗಳೆಲ್ಲದರ ಜೊತೆ ಇಡಿಯಾಗಿ ನೋಡಿಕೊಳ್ಳಬೇಕೆಂಬುದು ಜೆಸ್ಯೂಟರ ಹಳೆಯ ಪಾಠ. ಆ ಪಾಠವನ್ನು ತನ್ನವರಲ್ಲದವರ ಮೇಲೂ ನಡೆಸುವಾಗಲೇ ಅದಕ್ಕೆ ತೂಕ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಕ್ಷಮೆ ಬಂದದ್ದು ಧರಣಿಯ ಮೇಲೆ, ಕೂಲಿ ಏರಿದ್ದು ಉಪವಾಸದ ಮೇಲೆ, ಸೌಲಭ್ಯ ಸಿಕ್ಕಿದ್ದು ಮೊಕದ್ದಮೆಯ ಮೇಲೆ. ಇದರಲ್ಲಿ ಸಂಸ್ಥೆಯ ಹೆಚ್ಚುಗಾರಿಕೆ ಏನು? ಒತ್ತಡಕ್ಕೆ ಬಾಗಿದ್ದನ್ನು ಸಂಸ್ಕೃತಿ ಎನ್ನಬಹುದೇ? ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಆಡಳಿತ ಮಂಡಳಿಯೊಂದೇ ವಿಶ್ವವಿದ್ಯಾಲಯ ಎಂದುಕೊಂಡರೆ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಉಪವಾಸ ಕೂತವರೂ ಆ ವಿಶ್ವವಿದ್ಯಾಲಯವೇ. ಅವರು ಆಡಳಿತದ ಮುಂದೆ ಹಿಡಿದದ್ದು ಆಡಳಿತವೇ ತರಗತಿಯಲ್ಲಿ ಕಲಿಸಿದ ಮಾತನ್ನು. ಸಂಸ್ಥೆ ತನ್ನ ಆದರ್ಶವನ್ನು ಎಷ್ಟು ಶ್ರದ್ಧೆಯಿಂದ ಕಲಿಸುತ್ತದೆಂದರೆ, ಅದನ್ನು ಮೀರಿ ನಡೆದಾಗ ವಿದ್ಯಾರ್ಥಿಗಳೇ ಕೈಹಿಡಿದು ನಿಲ್ಲಿಸುತ್ತಾರೆ. ನಿಲ್ಲಿಸಿದವರನ್ನು ಹೊರಹಾಕದೆ ಕೊನೆಗೆ ಕಿವಿಗೊಡುತ್ತದೆ. ಕ್ಯಾಂಪಸ್ ಸಂಸ್ಕೃತಿ ಎಂದರೆ ಇದೇ. ಹುಡುಗರು ಹೀಲಿ ಹಾಲ್‌ನ ಗೋಪುರ ಹತ್ತಿ ಗಡಿಯಾರದ ಮುಳ್ಳುಗಳನ್ನು ಕದ್ದು ವ್ಯಾಟಿಕನ್‌ಗೆ ಅಂಚೆಯಲ್ಲಿ ಕಳಿಸುವ ಸಂಪ್ರದಾಯವೂ ಅಲ್ಲಿದೆ, ಚೆಂದವೇ. ನೊಟ್ರೆ ಡೇಮ್‌ನಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ಹಾಸ್ಟೆಲುಗಳು, ಪ್ರತಿಯೊಂದರಲ್ಲೂ ಪ್ರಾರ್ಥನಾಲಯ, ರಾತ್ರಿ ಇಷ್ಟು ಹೊತ್ತಿಗೆ ಅತಿಥಿಗಳು ಹೊರಡಬೇಕೆಂಬ ಕಟ್ಟಳೆ. ಅಜ್ಜಿಗೆ ಅದು ಹಿಡಿಸೀತು. ಇವೆಲ್ಲ ಕ್ಯಾಂಪಸ್ಸಿನ ಮೈಬಣ್ಣ. ಗುಣ ತಿಳಿಯುವುದು ಹಣ, ಅಧಿಕಾರ, ಮಾನ ಮೂರರಲ್ಲಿ ಒಂದನ್ನಾದರೂ ಕಳೆದುಕೊಳ್ಳಬೇಕಾದ ಗಳಿಗೆಯಲ್ಲಿ.

ಈ ಪ್ರಶ್ನೆ ಪೊಟೊಮ್ಯಾಕ್ ದಡದಲ್ಲಿ ಮುಗಿಯುವುದಿಲ್ಲ. 1880ರಲ್ಲಿ ಜೆಸ್ಯೂಟರು ಮಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. 1882ರಲ್ಲಿ ಶುರುವಾಗಿ 1937ರಲ್ಲಿ ಜೆಸ್ಯೂಟರ ಕೈಗೆ ಬಂದ ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಯಾಯಿತು. ಕ್ರೈಸ್ಟ್ ಕಾಲೇಜು 2008ರಲ್ಲೇ ಪರಿಗಣಿತ ವಿಶ್ವವಿದ್ಯಾಲಯ. ಇವುಗಳಿಂದ ಕನ್ನಡ ನಾಡು ಪಡೆದದ್ದು ಸಣ್ಣದಲ್ಲ. ಕ್ರೈಸ್ಟ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಚಿ. ಶ್ರೀನಿವಾಸರಾಜು ಅಲ್ಲಿನ ಕನ್ನಡ ಸಂಘವನ್ನು ಹೊಸಬರ ಕಾವ್ಯಕ್ಕೆ ಅಂಗಳವಾಗಿಸಿದರು. ಬೇಂದ್ರೆ ಹೆಸರಿನ ಕವನ ಸ್ಪರ್ಧೆ ನಡೆಸಿದರು, ಗೆದ್ದ ಕವಿತೆಗಳನ್ನು ಪುಸ್ತಕವಾಗಿಸಿದರು, ಆ ಪುಸ್ತಕಗಳನ್ನು ತಾವೇ ಓದುಗರ ಕೈಗಿಟ್ಟರು. ಇವತ್ತು ಹೆಸರಾದ ಎಷ್ಟೋ ಕವಿಗಳ ಮೊದಲ ಸಾಲುಗಳು ಅಚ್ಚಾದದ್ದು ಹೀಗೆ. ಮಲಯಾಳಿ ಮೂಲದ ಪಾದ್ರಿ ಸಂಘವೊಂದು ನಡೆಸುವ, ಇಂಗ್ಲಿಷ್ ಮಾಧ್ಯಮದ ಕ್ಯಾಂಪಸ್ಸಿನಲ್ಲಿ ಅದು ನಡೆಯಿತು. ಅದಕ್ಕೆ ಲಾಭದ ಲೆಕ್ಕ ಏನೂ ಇರಲಿಲ್ಲ. ಜಾಗ ಕೊಟ್ಟ ಸಂಸ್ಥೆಯ ದೊಡ್ಡತನವನ್ನೂ, ಜೀವ ತೇಯ್ದ ಮೇಷ್ಟರ ದೊಡ್ಡತನವನ್ನೂ ಒಟ್ಟಿಗೇ ನೆನೆಯಬೇಕು.

ಆದರೆ ನಮ್ಮಲ್ಲೂ ರಿಯಾ­ಯಿತಿಯ ಪ್ರಶ್ನೆಯಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 15ನೇ ವಿಧಿಯ 5ನೇ ಉಪವಿಧಿ, ಖಾಸಗಿ ಕಾಲೇಜುಗಳಲ್ಲಿ ಮೀಸಲಾತಿ ತರಲು ಸರ್ಕಾರಕ್ಕಿರುವ ಅಧಿಕಾರದಿಂದ ಈ ಸಂಸ್ಥೆಗಳನ್ನು ಹೊರಗಿಟ್ಟಿದೆ. ಬಹುಸಂಖ್ಯಾತರ ಒತ್ತಡದ ನಡುವೆ ಸಣ್ಣ ಸಮುದಾಯವೊಂದು ತನ್ನತನ ಉಳಿಸಿಕೊಳ್ಳಲು ಈ ರಕ್ಷಣೆ ಬೇಕೇ ಬೇಕು. ಅದನ್ನು ಕಿತ್ತುಕೊಳ್ಳಬೇಕೆನ್ನುವವರ ಜೊತೆ ನಾನಿಲ್ಲ. ಆಡಳಿತ ನಡೆಸುವ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ ಎಂದು ನ್ಯಾಯಾಲಯಗಳೂ ಹಿಂದಿನಿಂದ ಹೇಳುತ್ತ ಬಂದಿವೆ. ಪ್ರಶ್ನೆ ಇರುವುದು ಹಕ್ಕನ್ನು ಬಳಸುವ ಬಗೆಯಲ್ಲಿ. ಮೀಸಲಾತಿ ಕೊಡಲೇಬೇಕೆಂಬ ಕಾನೂನಿಲ್ಲದ ಕಡೆ, ದಲಿತ ಹುಡುಗಿಗೆ, ದಲಿತ ಕ್ರೈಸ್ತರ ಮಗನಿಗೆ, ಹಳ್ಳಿಯ ಕನ್ನಡ ಶಾಲೆಯಿಂದ ಬಂದವನಿಗೆ ಸಂಸ್ಥೆ ತಾನಾಗಿ ಎಷ್ಟು ಸೀಟು ತೆಗೆದಿಡುತ್ತದೆ? ಶುಲ್ಕದಲ್ಲಿ ಎಷ್ಟು ಬಿಡುತ್ತದೆ? ಅಲ್ಲೇ ಅದರ ಧರ್ಮ ಕಾಣುತ್ತದೆ. ಈ ಮಾತು ಮಠಗಳ ಆಶ್ರಯದ ವಿಶ್ವವಿದ್ಯಾಲಯಗಳಿಗೂ, ಯಾವ ಟ್ರಸ್ಟಿನ ಹೆಸರಿನಲ್ಲಿ ನಡೆಯುವ ವೈದ್ಯಕೀಯ ಕಾಲೇಜಿಗೂ ಅಷ್ಟೇ ಸಲ್ಲುತ್ತದೆ. ದಾಸೋಹದ ಪರಂಪರೆಯನ್ನು ಹೇಳಿಕೊಂಡು ಮ್ಯಾನೇಜ್‌ಮೆಂಟ್ ಸೀಟಿಗೆ ಕೋಟಿ ಎಣಿಸಿದರೆ, ಬಸವಣ್ಣನ ಭಾವಚಿತ್ರವಿರಲಿ ಶಿಲುಬೆಯಿರಲಿ, ಗೋಡೆಯ ಮೇಲೆ ತೂಗುವುದರಿಂದ ಏನೂ ಬದಲಾಗದು.

ಹಾಗಾದರೆ ಸೀಟು ಸಿಕ್ಕ ಮನೆಯವರು ಏನು ಕೇಳಬೇಕು? ಇಲ್ಲಿನ ಕಸ ಗುಡಿಸುವವರೂ ಸೆಕ್ಯುರಿಟಿಯವರೂ ಗುತ್ತಿಗೆಯವರೇ, ಅವರಿಗೆ ಸಂಬಳ ಎಷ್ಟು? ಅತಿಥಿ ಉಪನ್ಯಾಸಕರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಆಡಳಿತವನ್ನು ಟೀಕಿಸಿ ಬರೆದ ವಿದ್ಯಾರ್ಥಿಗೆ ಕಳೆದ ಬಾರಿ ಏನಾಯಿತು? ದೂರು ಕೊಟ್ಟ ಹುಡುಗಿಯ ಮಾತನ್ನು ಕೇಳಿದವರು ಯಾರು? ಸಂಸ್ಥೆಯ ಧರ್ಮಕ್ಕೆ ಸೇರದವನು ತನ್ನ ಹಬ್ಬವನ್ನು ಎಲ್ಲಿ ಮಾಡುತ್ತಾನೆ? ಹಳೆಯ ತಪ್ಪೊಂದನ್ನು ಸಂಸ್ಥೆ ಒಪ್ಪಿಕೊಂಡದ್ದಿದೆಯೇ, ಒಪ್ಪಿಕೊಂಡ ಮೇಲೆ ಏನು ಕೊಟ್ಟಿತು? ಪ್ರಾಸ್ಪೆಕ್ಟಸ್‌ನಲ್ಲಿ ಇವಕ್ಕೆ ಉತ್ತರ ಇರುವುದಿಲ್ಲ. ಅಲ್ಲಿ ಓದುತ್ತಿರುವವರನ್ನು, ಓದಿ ಹೊರಬಂದವರನ್ನು, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರನ್ನು ವಿಚಾರಿಸಬೇಕು.

ಜಾರ್ಜ್‌ಟೌನಿಗೆ ನನ್ನ ಕೈಯಲ್ಲಿ ಪೂರ್ಣ ಅಂಕ ಇಲ್ಲ. ಕೂಲಿಯ ವಿಷಯದಲ್ಲಿ, ಇತರ ಧರ್ಮಗಳ ವಿಷಯದಲ್ಲಿ ಅದು ತನ್ನ ನಂಬಿಕೆಯ ಬೆಲೆಯನ್ನು ತಾನೇ ತೆತ್ತಿದೆ. ವಿಮೆಯ ವಿಷಯದಲ್ಲಿ ಬೇರೆಯವರಿಂದ ತೆರಿಸಿದೆ. 1838ರ ಋಣವನ್ನು ಒಪ್ಪಿಕೊಂಡಿದೆ, ತೀರಿಸುವ ಕೆಲಸ ಇನ್ನೂ ಬಾಕಿಯಿದೆ. ಆದರೂ ಮಗಳನ್ನು ಅಂಥ ಕಡೆ ಕಳಿಸಲು ಹಿಂಜರಿಯಬೇಕಿಲ್ಲ. ಏಕೆಂದರೆ ತನ್ನ ಸಂಸ್ಥೆಯನ್ನು ಅದರದೇ ಮಾತಿನಿಂದ ಪ್ರಶ್ನಿಸುವುದನ್ನು ಅವಳು ಅಲ್ಲಿ ಕಲಿಯುತ್ತಾಳೆ. ವಿಶ್ವವಿದ್ಯಾಲಯವೊಂದು ಕೊಡಬಹುದಾದ ವಿದ್ಯೆಗಳಲ್ಲಿ ಅದಕ್ಕಿಂತ ದೊಡ್ಡದು ನನಗೆ ತೋರುವುದಿಲ್ಲ. ನಮ್ಮ ಊರಿನ ವಿಶ್ವವಿದ್ಯಾಲಯಗಳಿಂದಲೂ, ಅವು ಯಾವ ದೇವರ ಹೆಸರಿನಲ್ಲೇ ನಡೆಯಲಿ, ನಾವು ಕೇಳಬೇಕಾದ್ದು ಅದನ್ನೇ.